ಸರಾಸರಿ 1ಕ್ಕಿಂತ ಹೆಚ್ಚಿದ್ದರೂ ಸಂತತಿ ಅಳಿಯಬಹುದೇ?

ಪ್ರಶ್ನೆ: ನಾನು ಸಂಖ್ಯಾಶಾಸ್ತ್ರದ ಸ್ನಾತಕೋತ್ತರ ವಿದ್ಯಾರ್ಥಿನಿ. ಸೋಂಕಿನ ಹರಡುವಿಕೆಯನ್ನು ಗಾಲ್ಟನ್–ವಾಟ್ಸನ್ ಕವಲು ಪ್ರಕ್ರಿಯೆಯ (ಒಂದು ಹಂತದ ಪ್ರತಿಯೊಬ್ಬರೂ ಇತರರನ್ನು ಅವಲಂಬಿಸದೆ ಮುಂದಿನ ಹಂತದಲ್ಲಿ ಯಾದೃಚ್ಛಿಕ ಸಂಖ್ಯೆಯ ಜನರಿಗೆ ಸೋಂಕು ದಾಟಿಸುವ ಮಾದರಿ; ಸರಪಳಿ ನಿಂತರೆ ಅಳಿವು, ಮುಂದುವರಿದರೆ ಉಳಿವು) ಮೂಲಕ ಅಧ್ಯಯನ ಮಾಡುತ್ತಿದ್ದೇನೆ. ಒಬ್ಬರಿಂದ ಎಷ್ಟು ಮಂದಿಗೆ ಸೋಂಕು ತಗಲುತ್ತದೆ ಎಂಬ ವಿತರಣೆಯು ಹಂತದಿಂದ ಹಂತಕ್ಕೆ ಬದಲಾದರೆ, ‘ಸರಾಸರಿ 1ಕ್ಕಿಂತ ಹೆಚ್ಚಿದ್ದರೆ ಉಳಿವು ಸಾಧ್ಯ’ ಎಂಬ ನಿಯಮವನ್ನೇ ಬಳಸಬಹುದೇ?

ಉತ್ತರ: ಬಳಸಲಾಗದು. ವಿತರಣೆ ಬದಲಾಗದಿದ್ದಾಗ ಅಳಿವಿನ ಸಂಭವನೀಯತೆಯನ್ನು ಒಂದೇ ಸಮೀಕರಣದಿಂದ ಪಡೆಯಬಹುದು. ಬದಲಾಗುವಾಗ ಅಂಥ ಸಮೀಕರಣವೇ ಇರುವುದಿಲ್ಲ. ಕೊನೆಯ ಹಂತದ ಸೋಂಕಿತರ ನಿರೀಕ್ಷಿತ ಸಂಖ್ಯೆಯು ಎಲ್ಲ ಹಂತಗಳ ಸರಾಸರಿಗಳ ಗುಣಲಬ್ಧವಾದ್ದರಿಂದ ಹಂತಗಳ ಕ್ರಮವನ್ನು ಅದಲುಬದಲು ಮಾಡಿದರೂ ಅದು ಬದಲಾಗದು, ಆದರೆ ಉಳಿವಿನ ಸಂಭವನೀಯತೆ ಬದಲಾಗುತ್ತದೆ.

ಸೊನ್ನೆಯಿಂದ ಆರಂಭವಾಗುವ ಗುಣೋತ್ತರ ವಿತರಣೆಯಲ್ಲಿ (0, 1, 2… ಮಂದಿಗೆ ಸೋಂಕು ತಗಲುವ ಸಂಭವನೀಯತೆ ಒಂದೇ ಅನುಪಾತದಲ್ಲಿ ಇಳಿಯುತ್ತಾ ಹೋಗುವಂಥದ್ದು) ಇದನ್ನು ಕೈಯಲ್ಲೇ ಲೆಕ್ಕ ಹಾಕಿ ನೋಡಬಹುದು. ಅಲ್ಲಿ ಮೊದಲ ಸೋಂಕಿತರಿಂದ ಹಿಡಿದು ಪ್ರತಿ ಹಂತದ ನಿರೀಕ್ಷಿತ ಸಂಖ್ಯೆಯ ವ್ಯುತ್ಕ್ರಮಗಳನ್ನು ಕೂಡಿದರೆ, ಆ ಮೊತ್ತವೇ ಉಳಿವಿನ ಸಂಭವನೀಯತೆಯ ವ್ಯುತ್ಕ್ರಮವಾಗುತ್ತದೆ. ಸರಾಸರಿ ಮೊದಲು 2, ಅನಂತರ 0.5 ಆದರೆ ಮೊತ್ತ 1 + 0.5 + 1, ಅಂದರೆ 2.5; ಉಳಿವಿನ ಸಂಭವನೀಯತೆ 0.4. ಮೊದಲು 0.5, ಅನಂತರ 2 ಆದರೆ ಮೊತ್ತ 1 + 2 + 1 = 4; ಉಳಿವು 0.25 ಮಾತ್ರ. ಎರಡರಲ್ಲೂ ಕೊನೆಯ ನಿರೀಕ್ಷಿತ ಸಂಖ್ಯೆ 1 ಎಂಬುದನ್ನು ಗಮನಿಸಿ. ನಿಯಂತ್ರಣ ಕ್ರಮಗಳನ್ನು ಆರಂಭದಲ್ಲೇ ಕೈಗೊಳ್ಳುವುದರ ಬೆಲೆ ಈ ಅಂತರದಲ್ಲಿದೆ.

ಇದೇ ಸೂತ್ರವನ್ನು ಇನ್ನಷ್ಟು ಮುಂದೊಯ್ಯೋಣ. ಹಂತದ ಸಂಖ್ಯೆಯ ವ್ಯುತ್ಕ್ರಮಕ್ಕೆ 1 ಕೂಡಿದಾಗ ಬರುವುದೇ ಆ ಹಂತದ ಸರಾಸರಿ ಎಂದುಕೊಂಡರೆ, ಸರಾಸರಿಗಳು 2, 3/2, 4/3 ಎಂದು ಸಾಗುತ್ತವೆ. ಎಲ್ಲವೂ 1ಕ್ಕಿಂತ ಹೆಚ್ಚು, ನಿರೀಕ್ಷಿತ ಸಂಖ್ಯೆ 2, 3, 4 ಎಂದು ಮಿತಿಯಿಲ್ಲದೆ ಬೆಳೆಯುತ್ತದೆ. ಆದರೂ ಅಳಿವು ನಿಶ್ಚಿತ, ಏಕೆಂದರೆ 1 + 1/2 + 1/3 + … ಎಂಬ ಮೊತ್ತಕ್ಕೂ ಮಿತಿಯಿಲ್ಲ. ಆ ಸರಾಸರಿಗಳ ವರ್ಗಗಳನ್ನು ತೆಗೆದುಕೊಂಡರೆ ಮೊತ್ತವು ಪೈ ವರ್ಗದ ಆರನೇ ಒಂದು ಭಾಗಕ್ಕೆ ನಿಲ್ಲುತ್ತದೆ, ಉಳಿವಿನ ಸಂಭವನೀಯತೆ ಸುಮಾರು 0.61 ಆಗುತ್ತದೆ. ಈ ವಿಷಯದಲ್ಲಿ ನನಗೆ ಅತ್ಯಂತ ಪ್ರಿಯವಾದ ಫಲಿತಾಂಶವಿದು.

ಬೇರೆ ವಿತರಣೆಗಳಲ್ಲಿ ಹರವನ್ನೂ (ಸರಾಸರಿಯ ಸುತ್ತಲಿನ ಏರುಪೇರನ್ನೂ) ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಸೋಂಕಿನ ಅಧ್ಯಯನದಲ್ಲಿ ಸಾಮಾನ್ಯವಾಗಿ ಬಳಸುವ ಋಣ ದ್ವಿಪದ ವಿತರಣೆಯಲ್ಲಿ ಚದುರುವಿಕೆಯ ಅಂಕ ಚಿಕ್ಕದಾದಷ್ಟೂ, ಕೆಲವೇ ಮಂದಿ ಬಹಳಷ್ಟು ಜನರಿಗೆ ಸೋಂಕು ಹರಡುತ್ತಾರೆ, ಉಳಿದವರಲ್ಲಿ ಹೆಚ್ಚಿನವರು ಯಾರಿಗೂ ಹರಡುವುದಿಲ್ಲ. ಲಾಯ್ಡ್-ಸ್ಮಿತ್ ಮತ್ತು ಸಂಗಡಿಗರು 2005ರಲ್ಲಿ ಸಿಂಗಪುರದ ಸಾರ್ಸ್ ದತ್ತಾಂಶದಿಂದ ಅಂದಾಜಿಸಿದ ಅಂಕ 0.16, ಗುಣೋತ್ತರ ವಿತರಣೆಯಲ್ಲಿ ಅದು 1. ಆದ್ದರಿಂದ ಸರಾಸರಿಗಳು ಒಂದೇ ಆಗಿದ್ದರೂ ಅಂಥ ಸೋಂಕಿನ ಸರಪಳಿ ಬೇಗ ಕಡಿಯುವ ಸಾಧ್ಯತೆ ಹೆಚ್ಚು.

ಬದಲಾವಣೆಯೇ ಯಾದೃಚ್ಛಿಕವಾಗಿದ್ದರೆ ಸ್ಮಿತ್–ವಿಲ್ಕಿನ್ಸನ್ (1969) ಮತ್ತು ಅತ್ರೇಯ–ಕಾರ್ಲಿನ್ (1971) ಅವರ ಸಿದ್ಧಾಂತವನ್ನು ಓದಿ. ಅಲ್ಲಿ ನಿರ್ಣಾಯಕವಾದದ್ದು ಸರಾಸರಿಗಳ ಲಘುಗಣಕದ ನಿರೀಕ್ಷಿತ ಮೌಲ್ಯ; ಅದು ಸೊನ್ನೆಗಿಂತ ಕಡಿಮೆಯಾದರೆ ಅಳಿವು ಖಚಿತ. ಪ್ರತಿ ಹಂತದಲ್ಲಿ 2 ಅಥವಾ 0.4 ಸಮಾನ ಸಂಭವನೀಯತೆಯಿಂದ ಬಂದರೆ ಅವುಗಳ ಸರಾಸರಿ 1.2, ಆದರೆ ಗುಣಲಬ್ಧ 0.8, ಅಂದರೆ 1ಕ್ಕಿಂತ ಕಡಿಮೆ; ಹಾಗಾಗಿ ಆ ಮೌಲ್ಯ ಋಣಾತ್ಮಕ, ಅಳಿವು ಖಚಿತ.

ಅಳಿವಿನ ಸಂಭವನೀಯತೆಯನ್ನು ಲೆಕ್ಕ ಹಾಕುವ ಪ್ರೋಗ್ರಾಂ ಬರೆಯುವಾಗ ಒಂದು ಎಚ್ಚರಿಕೆ ಇರಲಿ: ಸೊನ್ನೆಯಿಂದ ಹೊರಟು ಕೊನೆಯ ಹಂತದ ಜನರೇಟಿಂಗ್ ಫಂಕ್ಷನ್ನನ್ನು (ವಿತರಣೆಯ ಸಂಭವನೀಯತೆಗಳನ್ನೇ ಗುಣಾಂಕಗಳಾಗಿ ಹೊಂದಿದ ಘಾತಶ್ರೇಣಿಯನ್ನು) ಮೊದಲು ಅನ್ವಯಿಸಿ, ಹಿಂದಕ್ಕೆ ಬರುತ್ತಾ ಮೊದಲ ಹಂತದ್ದನ್ನು ಕೊನೆಗೆ ಅನ್ವಯಿಸಬೇಕು.