ಮರ್ಸೆಡ್ ದಡದ ಬೇಲಿ, ಅಘನಾಶಿನಿಯ ಪ್ರಶ್ನೆ

ಸರ್, ನಮಸ್ಕಾರ. ಹೋದ ಸಂಚಿಕೆಯ ಮರ್ಸೆಡ್ ನದಿ ಲೇಖನ ಓದಿ ನೀವು ಬರೆದ ಪತ್ರ ಸಿಕ್ತು. ಕ್ಯಾಲಿಫೋರ್ನಿಯಾದಲ್ಲಿ ಮಗನ ಮನೆಗೆ ಹೋದಾಗ ಯೊಸೆಮಿಟಿ ರಾಷ್ಟ್ರೀಯ ಉದ್ಯಾನ ನೋಡಿದ್ರಿ, ಅಲ್ಲಿನ ಮರ್ಸೆಡ್ ನದಿ ದಡಕ್ಕೆ ಬೇಲಿ ಇತ್ತು, ಇಳಿಯೋಕೆ ಬಿಡಲಿಲ್ಲ, ಆದ್ರೆ ಅಲ್ಲೇ ಹತ್ರ ಹೋಟೆಲ್ಲು ಬಸ್ಸು ಎಲ್ಲ ಇದೆ, 1987ರಲ್ಲಿ ರಕ್ಷಿತ ನದಿ ಅಂದವರು ಅದನ್ನ ನೋಡಿಕೊಳ್ಳೋ ಪ್ಲಾನ್ ಮುಗಿಸಿದ್ದು 2014ಕ್ಕೆ, ಇಂಥವರಿಂದ ನಮ್ಮ ಅಘನಾಶಿನಿಗೆ ಕಲಿಯೋದೇನಿದೆ ಅಂತ ಕೇಳಿದೀರಿ.

ತಡ ಆಗಿದ್ದಕ್ಕೆ ನಿಮಗೆ ಬಂದ ಸಿಟ್ಟು ನ್ಯಾಯವೇ. ಅಮೆರಿಕದ 1968ರ ನದಿ ರಕ್ಷಣೆ ಕಾಯ್ದೆ ಪ್ರಕಾರ ಪ್ಲಾನ್ ಮೂರು ವರ್ಷದ ಆಸುಪಾಸಲ್ಲೇ ಆಗಬೇಕಿತ್ತು. ಆದ್ರೆ ಜಗಳ ಯಾವುದರ ಮೇಲೆ ನಡೀತು ನೋಡಿ. 1997ರ ಜನವರಿಲಿ ದೊಡ್ಡ ಪ್ರವಾಹ ಬಂದು ಯೊಸೆಮಿಟಿ ಕಣಿವೆಯ ಕ್ಯಾಂಪ್‌ಸೈಟು, ಕ್ಯಾಬಿನ್ನು ಎಲ್ಲ ಕೊಚ್ಚಿಕೊಂಡು ಹೋಯ್ತು, ಆಮೇಲೆ 2000ದಲ್ಲಿ ಮೊದಲ ಪ್ಲಾನ್ ಬಂತು, ಅಲ್ಲಿನವರೇ ಕೋರ್ಟಿಗೆ ಹೋದ್ರು, 2005ರಲ್ಲಿ ತಿದ್ದಿದ ಪ್ಲಾನ್ ಬಂತು, 2008ರಲ್ಲಿ ಮೇಲ್ಮನವಿ ಕೋರ್ಟು ಅದನ್ನೂ ಒಪ್ಪಲಿಲ್ಲ. ಎರಡು ಸಲವೂ ಕೋರ್ಟು ಕೇಳಿದ್ದು ಒಂದೇ: ಈ ನದಿ ಎಷ್ಟು ಜನರನ್ನ ತಡೆದುಕೊಳ್ಳುತ್ತೆ, ಅದನ್ನ ಯಾಕೆ ಹೇಳಿಲ್ಲ? ಹಾಳಾಗಿದ್ದು ಕಣ್ಣಿಗೆ ಬಿದ್ದ ಮೇಲೆ ಕ್ರಮ ತಗೋತೀವಿ ಅನ್ನೋದು ಸಾಲದು, ಹಾಳಾಗದ ಹಾಗೆ ಮೊದಲೇ ಮಿತಿ ಹಾಕಬೇಕು ಅಂತ. ಕೊನೆಗೆ 2014ರ ಪ್ಲಾನ್‌ನಲ್ಲಿ ಕಣಿವೆಗೆ ದಿನಕ್ಕೆ 20,100 ಜನ ಅಂತ ಸಂಖ್ಯೆ ಬಂತು. ಆ ಸಂಖ್ಯೆ ಜಾಸ್ತಿ ಆಯ್ತು ಅನ್ನೋರಿದಾರೆ, ಕಮ್ಮಿ ಅನ್ನೋರೂ ಇದಾರೆ. ಆದ್ರೆ ಬರೆದಿಟ್ಟ ಸಂಖ್ಯೆ ಇದ್ರೆ ತಾನೇ ಜನ ಅದನ್ನ ಹಿಡ್ಕೊಂಡು ಕೇಳೋಕಾಗೋದು.

ಈಗ ಬೇಲಿ ವಿಷಯ. ನೀವೊಬ್ರು ಇಳಿದ್ರೆ ಏನೂ ಆಗಲ್ಲ ನಿಜ. ಸಾವಿರಾರು ಜನ ಅದೇ ಜಾಗದಲ್ಲಿ ಇಳಿದಾಗ ಹುಲ್ಲು ಸಾಯುತ್ತೆ, ಮಣ್ಣು ಗಟ್ಟಿಯಾಗಿ ಹೊಸ ಗಿಡ ಏಳಲ್ಲ, ದಡ ಹಿಡಿದಿಡೋ ಬೇರುಗಳೇ ಇಲ್ಲದೆ ಹೋಗುತ್ತೆ, ಮುಂದಿನ ನೆರೆಗೆ ದಡ ಕುಸಿಯುತ್ತೆ, ನದಿ ಅಗಲ ಆಗ್ತಾ ಆಳ ಕಳ್ಕೊಳ್ಳುತ್ತೆ. ಅದಕ್ಕೇ ನದಿಯಿಂದ ನೂರು ಅಡಿ ಒಳಗಿದ್ದ ಕ್ಯಾಂಪ್‌ಸೈಟ್‌ಗಳನ್ನೂ ತೆಗೀಬೇಕು ಅಂತ ಪ್ಲಾನ್ ಹೇಳಿತು. ಮರಳಿನ ದಿಬ್ಬ ಇರೋ ಕಡೆ ಇಳಿಯಬಹುದು, ಅಲ್ಲಿ ತುಳಿತಕ್ಕೆ ಹಾಳಾಗೋದು ಕಮ್ಮಿ. ಒಂದು ಕೆಟ್ಟ ಕೆಲಸದ ಫಲ ಎಷ್ಟು ಕಾಲ ಉಳಿಯುತ್ತೆ ಅಂದ್ರೆ, 1879ರಲ್ಲಿ ಎಲ್ ಕ್ಯಾಪಿಟನ್ ಬಂಡೆ ಹತ್ರ ಹಿಮನದಿ ಬಿಟ್ಟು ಹೋಗಿದ್ದ ಕಲ್ಲಿನ ಒಡ್ಡನ್ನ ಸಿಡಿಮದ್ದು ಇಟ್ಟು ಒಡೆದ್ರು, ನೀರಿನ ಮಟ್ಟ ನಾಲ್ಕೈದು ಅಡಿ ಇಳೀತು, ಮೇಲಿನ ಹುಲ್ಲುಗಾವಲು ಒಣಗೋಕೆ ಅದೂ ಒಂದು ಕಾರಣ, ನೂರಕ್ಕೂ ಹೆಚ್ಚು ವರ್ಷ ಆದ್ರೂ ಅದರ ಫಲ ಉಳಿದಿದೆ.

ಹೋಟೆಲ್ಲು ಯಾಕಿದೆ ಅಂದ್ರಿ. ಕಾಯ್ದೆಲಿ ನದಿಗೆ ಮೂರು ದರ್ಜೆ ಇದೆ, ರಸ್ತೆ ಕಟ್ಟಡ ಇರೋ ಭಾಗವನ್ನೂ ಸೇರಿಸ್ಕೋಬಹುದು, ಆದ್ರೆ ಯಾವ ಗುಣಕ್ಕಾಗಿ ಸೇರಿಸಿದ್ರೋ ಅದು ಕೆಡಬಾರದು, ಅಣೆಕಟ್ಟಂತೂ ಬರೋ ಹಾಗೇ ಇಲ್ಲ. ನನಗೆ ಬೇಜಾರಿರೋದು ಕಣಿವೆಯಲ್ಲಿ ಮರ್ಸೆಡ್‌ಗೆ ಕಟ್ಟಿರೋ ಶುಗರ್ ಪೈನ್ ಸೇತುವೆ ಬಗ್ಗೆ. ಅದು ನೆರೆ ನೀರನ್ನ ಇಕ್ಕಟ್ಟಿಗೆ ಸಿಕ್ಕಿಸಿ ದಡ ಕೊರೆಸುತ್ತೆ ಅಂತ ಗೊತ್ತಿದ್ದೂ, ಹಳೇ ಕಲ್ಲಿನ ಸೇತುವೆ ಅನ್ನೋ ಅಭಿಮಾನಕ್ಕೆ, ಮೊದಲು ಬೇರೆ ಉಪಾಯ ನೋಡೋಣ ಅಂತ ಮುಂದೂಡಿದ್ರು. ತೆಗೀಬೇಕಿತ್ತು.

ಇನ್ನು ಅಘನಾಶಿನಿ. ಅಣೆಕಟ್ಟಿಲ್ಲದೆ ಸಮುದ್ರ ಸೇರೋ ನದಿ, ಅದು ಸಮುದ್ರ ಸೇರೋ ಜಾಗ, ಅಂದ್ರೆ ಅಳಿವೆ, 2024ರಲ್ಲಿ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರ್ತು, ನಮಗೆಲ್ಲ ಖುಷಿ ಆಯ್ತು. ಆದ್ರೆ ರಾಮ್ಸಾರ್ ಹೆಸರು ಬಂದಿರೋದು ಅಳಿವೆಗೆ ಮಾತ್ರ, ಶಿರಸಿಯಿಂದ ಕೆಳಗಿಳಿಯೋ ಉದ್ದಕ್ಕೂ ಅಲ್ಲ. ಮೇಲಿಂದ ವೇದಾವತಿ ನದಿಗೆ ನೀರು ತಿರುಗಿಸಿದ್ರೆ ಅಳಿವೆಲಿ ಸಿಹಿನೀರು-ಉಪ್ಪುನೀರಿನ ಲೆಕ್ಕ ತಪ್ಪುತ್ತೆ, ಬಳಚು (ಚಿಪ್ಪುಜೀವಿ), ಮೀನು, ಉಪ್ಪುನೀರು ಬರೋ ಗಜನಿ ಗದ್ದೆಯಲ್ಲಿ ಬೆಳೆಯೋ ಕಗ್ಗ ಭತ್ತ ಎಲ್ಲಕ್ಕೂ ಅದೇ ಆಧಾರ. ಮರ್ಸೆಡ್‌ನಿಂದ ನಾವು ತಗೋಬೇಕಾದ್ದು ಬೇಲಿ ಅಲ್ಲ ಸರ್, ನದಿಯ ಉದ್ದಕ್ಕೂ ಒಂದೇ ಪ್ಲಾನು, ಅದರಲ್ಲಿ ಕೋರ್ಟಲ್ಲಿ ನಿಲ್ಲೋ ಮಿತಿಗಳು. ಆದ್ರೆ ಯೊಸೆಮಿಟಿಗೆ ಬರೋರಲ್ಲಿ ಹೆಚ್ಚಿನವರು ಸಂಜೆಗೋ ಮಾರನೇ ದಿನಕ್ಕೋ ಊರಿಗೆ ವಾಪಸ್ ಹೋಗ್ತಾರೆ, ಇಲ್ಲಿ ಇಳಿತದ ಹೊತ್ತಲ್ಲಿ ಸೊಂಟದ ನೀರಲ್ಲಿ ನಿಂತು ಬಳಚು ತೆಗೆಯೋ ಹೆಂಗಸರ ಮನೆ ನಡೆಯೋದೇ ಅದರಿಂದ. ಮಿತಿ ಹಾಕೋದಾದ್ರೆ ಮೊದಲು ಮರಳು ಲಾರಿಗೆ, ರೆಸಾರ್ಟಿಗೆ, ನೀರು ತಿರುಗಿಸೋ ಪೈಪಿಗೆ ಹಾಕ್ಲಿ, ಆ ಹೆಂಗಸರು ಪ್ಲಾನ್ ಬರೆಯೋ ಮೇಜಿನ ಮುಂದೆ ಕೂತಿರಲಿ.

ಕುಮಟಾ, ಸಿದ್ದಾಪುರ ಕಡೆಯ ಓದುಗರಿದ್ರೆ ನಿಮ್ಮೂರ ಹತ್ರ ದಡ ಎಲ್ಲಿ ಕುಸೀತಿದೆ, ಬಳಚು ಎಲ್ಲಿ ಕಮ್ಮಿ ಆಗಿದೆ ಅಂತ ಬರೀರಿ, ಮುಂದಿನ ಸಂಚಿಕೆಲಿ ಹಾಕ್ತೀವಿ.

— ಸಂಪಾದಕ