ಮೆಣಸು ಹಾಕಿದರೆ ನಾತ ಹೋಗುತ್ತದೆಯೇ?

ಪ್ರಶ್ನೆ: ನಮ್ಮದು ಶಿರಸಿ ಕಡೆಯ ತೋಟ. ಮಧ್ಯಯುಗದ ಯುರೋಪಿನವರು ಕೊಳೆತ ಮಾಂಸದ ವಾಸನೆ ಮುಚ್ಚಲು ನಮ್ಮ ಕಾಳುಮೆಣಸಿಗೆ ಮುಗಿಬೀಳುತ್ತಿದ್ದರಂತೆ, ಹೌದೇ?

ಉತ್ತರ: ಅಲ್ಲ. ಈ ಪ್ರಶ್ನೆ ಬರದ ತಿಂಗಳಿಲ್ಲ, ಆದರೆ ಮೆಣಸು ಬೆಳೆಯುವವರೇ ಕೇಳಿದರೆ ಏನು ಹೇಳಲಿ? ಹಳಸಿದ ಸಾರಿಗೆ ಒಂದು ಹಿಡಿ ಮೆಣಸಿನ ಪುಡಿ ಸುರಿದು ನೋಡಿ. ಹಳಸಿದ್ದು ಖಾರವಾಗುತ್ತದೆ, ಅಷ್ಟೇ.

ದುಡ್ಡಿನ ಲೆಕ್ಕವನ್ನಾದರೂ ಹಾಕಬೇಡವೇ? ಮಲಬಾರಿನಲ್ಲಿ ಹಡಗು ಹತ್ತಿದ ಮೆಣಸು ಏಡನ್, ಕೆಂಪು ಸಮುದ್ರ, ಕೈರೋ ದಾಟಿ ಅಲೆಕ್ಸಾಂಡ್ರಿಯಾದಲ್ಲಿ ವೆನಿಸ್ ವ್ಯಾಪಾರಿಗಳ ಕೈ ಸೇರುತ್ತಿತ್ತು. ದಾರಿಯುದ್ದಕ್ಕೂ ಸುಂಕ, ದಲ್ಲಾಳಿಗಳ ಪಾಲು. ಮಾಂಸವೋ, ಪಕ್ಕದ ಹಳ್ಳಿಯದು. ಇಷ್ಟು ದೂರದ ಮೆಣಸು ಕೊಳ್ಳಬಲ್ಲವನಿಗೆ ತಾಜಾ ಮಾಂಸಕ್ಕೆ ಬರವೇ? ಇಟ್ಟು ತಿನ್ನಬೇಕಾದ ಮಾಂಸಕ್ಕೆ ಉಪ್ಪಿತ್ತು, ಹೊಗೆಯಿತ್ತು. 14ನೇ ಶತಮಾನದ ಲಂಡನ್ನಿನಲ್ಲಿ ಕೆಟ್ಟ ಮಾಂಸ ಮಾರಿ ಸಿಕ್ಕಿಬಿದ್ದವನ ಕತ್ತು, ಕೈಗಳನ್ನು ಮರದ ಹಲಗೆಯಲ್ಲಿ ಸಿಕ್ಕಿಸಿ ಬೀದಿಯಲ್ಲಿ ನಿಲ್ಲಿಸಿ, ಅದೇ ಮಾಂಸವನ್ನು ಅವನ ಮೂಗಿನ ಕೆಳಗೆ ಸುಡುತ್ತಿದ್ದರು. ನಾತಕ್ಕೆ ಹೊಂದಿಕೊಂಡ ಜನ ಮಾಡುವ ಕೆಲಸವೇ ಇದು?

ಮತ್ತೆ ಮೆಣಸೇಕೆ? ರುಚಿಗೆ, ದೊಡ್ಡಸ್ತಿಕೆಗೆ, ಜೊತೆಗೆ ಉಷ್ಣ-ಶೀತದ ಲೆಕ್ಕಕ್ಕೆ. ಮೀನು ಶೀತ, ಮೆಣಸು ಉಷ್ಣ ಎಂದು ಅಲ್ಲಿನ ವೈದ್ಯರು ಬರೆದದ್ದನ್ನು ಓದಿದರೆ ನಿಮ್ಮ ಅಜ್ಜಿಯೇ ಕೂತು ಹೇಳಿದಂತಿರುತ್ತದೆ. 1393ರ ಸುಮಾರಿಗೆ ಪ್ಯಾರಿಸ್‌ನ ಅನುಕೂಲಸ್ಥನೊಬ್ಬ ತನ್ನ ಎಳೆಯ ಹೆಂಡತಿಗಾಗಿ ಮನೆವಾರ್ತೆಯ ಪುಸ್ತಕ ಬರೆದ. ಮಸಾಲೆಯನ್ನು ಆದಷ್ಟು ಕೊನೆಗೆ ಹಾಕು, ಮೊದಲೇ ಹಾಕಿದರೆ ಘಮ ಹೋಗುತ್ತದೆ ಎನ್ನುತ್ತಾನೆ. ಘಮದ ಬಗ್ಗೆ ಇಷ್ಟು ತಲೆಕೆಡಿಸಿಕೊಂಡವನು ಕೊಳೆತದ್ದನ್ನು ಒಲೆಗೆ ಏರಿಸುತ್ತಿದ್ದನೇ? ಯೂಟ್ಯೂಬ್ ಪಂಡಿತರು ಇದನ್ನೊಂದು ಓದಿದ್ದರೆ ನನಗೆ ಅರ್ಧ ಕೆಲಸ ಉಳಿಯುತ್ತಿತ್ತು.

ಅಂದಹಾಗೆ, 'ಹಿಂದಿನವರ ವಿಧಾನ' ಎಂದುಕೊಂಡು ಫ್ರಿಜ್‌ನಲ್ಲಿ ಕೆಟ್ಟ ಕೋಳಿಗೆ ಮೆಣಸು ಮೆತ್ತಬೇಡಿ. ಬಿಸಾಡಿ.

ಪ್ರಶ್ನೆ: ಅವರು ವರ್ಷಕ್ಕೊಮ್ಮೆ ಸ್ನಾನ ಮಾಡುತ್ತಿದ್ದರೇ?

ಉತ್ತರ: 13ನೇ ಶತಮಾನದ ಪ್ಯಾರಿಸ್‌ನಲ್ಲಿ ಸ್ನಾನಗೃಹದವರದೇ ಒಂದು ಕಸುಬುಸಂಘವಿತ್ತು. ಬಿಸಿನೀರು ಕಾದಿದೆ ಎಂದು ಬೀದಿಯಲ್ಲಿ ಕೂಗಿಸುತ್ತಿದ್ದರು. ಬೆಳಕು ಹರಿಯುವ ಮುನ್ನ ಕೂಗಬಾರದೆಂದು ನಿಯಮವನ್ನೇ ಮಾಡಬೇಕಾಯಿತು. ಗಿರಾಕಿಯೇ ಇಲ್ಲದ ಅಂಗಡಿಗೆ ಇಷ್ಟು ಗದ್ದಲ ಇರುತ್ತದೆಯೇ?

ಪ್ರಶ್ನೆ: ನೀರು ವಿಷವಾದ್ದರಿಂದ ಎಲ್ಲರೂ ಬಿಯರನ್ನೇ ಕುಡಿಯುತ್ತಿದ್ದರಂತೆ?

ಉತ್ತರ: ಹಾಗಿದ್ದರೆ ಲಂಡನ್ನಿನವರು 1245ರ ಸುಮಾರಿಗೆ ಊರಾಚೆಯ ಟೈಬರ್ನ್ ತೊರೆಯ ಕಡೆಯಿಂದ ಊರೊಳಕ್ಕೆ ಸೀಸದ ಕೊಳವೆ ಎಳೆಯಲು ಹೊರಟದ್ದು ಯಾತಕ್ಕೆ? ಬಿಯರ್ ಕುಡಿದದ್ದು ಇಷ್ಟವಿತ್ತೆಂದು. ಸೀಸವೂ ವಿಷವಲ್ಲವೇ ಎಂಬ ವಿಚಾರ ಈಗ ಎತ್ತಬೇಡಿ.

ಪ್ರಶ್ನೆ: ಭೂಮಿ ಚಪ್ಪಟೆ ಎಂದು...

ಉತ್ತರ: ಓದಿದವರ್ಯಾರೂ ನಂಬಿರಲಿಲ್ಲ. ಹಳೆಯ ಚಿತ್ರಗಳಲ್ಲಿ ಅಲ್ಲಿನ ರಾಜರ ಕೈಯಲ್ಲಿರುವ ಆ ಗುಂಡು ಭೂಮಿಯ ಗುರುತು, ಲಾಡು ಅಂದುಕೊಂಡಿರಾ?

ಪ್ರಶ್ನೆ: ಮ್ಯೂಸಿಯಂನಲ್ಲಿ ಟಿಕೆಟ್ ಕೊಟ್ಟು ನೋಡಿದ, ಒಳಗೆಲ್ಲ ಮೊಳೆಯಿರುವ 'ಐರನ್ ಮೇಡನ್' ಎಂಬ ಚಿತ್ರಹಿಂಸೆಯ ಪೆಟ್ಟಿಗೆ?

ಉತ್ತರ: ಮಧ್ಯಯುಗದ್ದಲ್ಲ. 18–19ನೇ ಶತಮಾನದವರು ಕಥೆ ಕಟ್ಟಿ, ಆಮೇಲೆ ಪೆಟ್ಟಿಗೆ ಕಟ್ಟಿದರು. ಟಿಕೆಟ್ ದುಡ್ಡು ಹೋಯಿತು ಬಿಡಿ.