ಮಾವಿನ ಹೂ ಉದುರಿದರೆ ಉದುರಲಿ, ಔಷಧಿ ಡಬ್ಬಿ ಕೆಳಗಿಡಿ

ಫೆಬ್ರುವರಿ ಬಂತೆಂದರೆ ಗಿಡದ ಜೊತೆ ಪ್ರಶ್ನೆಗಳೂ ಚಿಗುರುತ್ತವೆ. ಪಂಚಾಂಗಕ್ಕೆ ಇದಿನ್ನೂ ಶಿಶಿರ, ಆದರೆ ಮರಗಳು ಯುಗಾದಿಗೆ ಕಾಯುವುದಿಲ್ಲ. ಬಂದ ಪತ್ರಗಳಲ್ಲಿ ಹೆಚ್ಚಿನವು ಕಳೆದ ವರ್ಷದ್ದೇ ಪ್ರಶ್ನೆ ಕೇಳಿವೆ. ಜಾಗವೂ ಅದಕ್ಕೇ ಹೋಗಲಿ.

ಹಿತ್ತಲ ಮಾವು ಮೈತುಂಬ ಹೂ ಬಿಟ್ಟಿದೆ. ಆದರೆ ಬೆಳಗಾದರೆ ನೆಲದ ತುಂಬ ಹೂ. ಟಾನಿಕ್ ಮತ್ತು ಕೀಟನಾಶಕ ಬೆರೆಸಿ ಹೊಡೆಯಿರಿ ಎಂದು ಅಂಗಡಿಯವರು ಕೊಟ್ಟಿದ್ದಾರೆ. ಹೊಡೆಯಲೇ?

ಬೇಡ. ಮೊದಲು ಉದುರಿದ್ದೇನು ಎಂದು ನೋಡಿ. ಮಾವಿನ ಒಂದೇ ಗೊಂಚಲಲ್ಲಿ ಗಂಡು ಹೂವೂ ಇರುತ್ತದೆ, ದ್ವಿಲಿಂಗಿ ಹೂವೂ ಇರುತ್ತದೆ. ಭೂತಗನ್ನಡಿ ಹಿಡಿದರೆ ದ್ವಿಲಿಂಗಿ ಹೂವಿನ ನಡುವೆ ಸಾಸಿವೆಗಿಂತ ಸಣ್ಣ, ತಿಳಿಹಸಿರು ಮಣಿಯೊಂದು ಕಾಣುತ್ತದೆ. ಕಾಯಿ ಆಗುವುದು ಅದೇ. ಗಂಡು ಹೂವಿಗೆ ಆ ಮಣಿ ಇಲ್ಲ, ಉದುರುವುದೇ ಅದರ ಕೆಲಸ. ಸಾವಿರಾರು ಹೂವಿನ ಗೊಂಚಲಲ್ಲಿ ಕೊನೆಗೆ ಒಂದೆರಡು ಕಾಯಿ ನಿಂತರೂ ಅದು ಒಳ್ಳೆಯ ಫಸಲು. ಎಲ್ಲವೂ ನಿಂತರೆ ಕೊಂಬೆ ಮುರಿಯುತ್ತದೆ.

ರೋಗವೋ ಕೀಟವೋ ಎಂಬ ಅನುಮಾನ ಇದ್ದರೆ ಬೆಳಿಗ್ಗೆ ಎಂಟರ ಹೊತ್ತಿಗೆ ಗೊಂಚಲ ಕೆಳಗೆ ಬಿಳಿ ಕಾಗದ ಹಿಡಿದು ಎರಡು ಸಲ ತಟ್ಟಿ. ಬೆಣೆಯಾಕಾರದ ಬೂದುಗಂದು ಹುಳುಗಳು ಅಡ್ಡಡ್ಡ ನೆಗೆದರೆ ಅದು ಜಿಗಿಹುಳು. ಗೊಂಚಲಿಗೆ ನಾಲ್ಕೈದು ಮೀರಿದರೆ ಮಾತ್ರ ತಲೆ ಕೆಡಿಸಿಕೊಳ್ಳಿ. ಎಲೆಗಳು ಅಂಟಂಟಾಗಿ, ಆಮೇಲೆ ಮಸಿ ಬಳಿದಂತೆ ಕಪ್ಪಾದರೆ ಅದೂ ಇದರದ್ದೇ ಕೆಲಸ: ಹುಳು ಸುರಿಸುವ ಸಿಹಿ ಅಂಟಿನ ಮೇಲೆ ಬೂಷ್ಟು ಬೆಳೆಯುತ್ತದೆ. ಗೊಂಚಲ ತುದಿಗೆ ಹಿಟ್ಟು ಚಿಮುಕಿಸಿದಂತಿದ್ದು, ಬೆರಳಿಗೆ ಬಿಳಿ ಪುಡಿ ಹತ್ತಿದರೆ ಬೂದಿರೋಗ.

ಬೂದಿರೋಗಕ್ಕೆ ನೀರಿನಲ್ಲಿ ಕರಗುವ ಗಂಧಕ, ಲೀಟರಿಗೆ 2ರಿಂದ 3 ಗ್ರಾಂ. ಗೊಂಚಲು ಮೂರ್ನಾಲ್ಕು ಇಂಚು ಬಂದು ಹೂ ಇನ್ನೂ ಬಿರಿಯದಿದ್ದಾಗ ಹೊಡೆಯಬೇಕು, ಅದೂ ಸಂಜೆ ತಂಪಿನಲ್ಲಿ. ಸುಡುಬಿಸಿಲಲ್ಲಿ ಹೊಡೆದರೆ ಹೂವೇ ಕಮರುತ್ತದೆ. ಜಿಗಿಹುಳುವಿಗೂ ಅದೇ ಹಂತದಲ್ಲಿ ಬೇವಿನೆಣ್ಣೆ, ಲೀಟರಿಗೆ 5 ಮಿ.ಲೀ. ಎಣ್ಣೆಯನ್ನು ಮೊದಲು ಸೋಪಿನ ದ್ರಾವಣದಲ್ಲಿ ಹಾಲಿನಂತಾಗುವವರೆಗೆ ಕದಡಿ, ಆಮೇಲೆ ನೀರಿಗೆ ಹಾಕಿ. ನೇರ ನೀರಿಗೆ ಸುರಿದರೆ ಎಣ್ಣೆ ಮೇಲೆ ತೇಲಿ, ಪಂಪಿನ ಕೊನೆಯ ಲೀಟರಿನಲ್ಲಿ ಬರೀ ಎಣ್ಣೆ ಬಂದು ಎಲೆ ಸುಡುತ್ತದೆ. ಗಂಧಕಕ್ಕೂ ಎಣ್ಣೆಗೂ ಕನಿಷ್ಠ ಎರಡು ವಾರದ ಅಂತರ ಇರಲಿ. ಒಟ್ಟಿಗೆ ಕಲಸುವವರು ಪ್ರತಿ ವರ್ಷ ಸಿಗುತ್ತಾರೆ, ಸುಟ್ಟ ಗೊಂಚಲಿನ ಫೋಟೊ ಸಮೇತ.

ಹೂ ಪೂರ್ತಿ ಬಿರಿದ ಮೇಲೆ ಕೀಟನಾಶಕ ಮುಟ್ಟಲೇಬೇಡಿ. ಮಾವಿಗೆ ಪರಾಗ ಸಾಗಿಸುವವು ನೊಣ, ಜೇನು. ಅವನ್ನು ಕೊಂದು ‘ಕಾಯಿ ಕಚ್ಚಲಿಲ್ಲ’ ಎಂದರೆ ನನ್ನಲ್ಲಿ ಉತ್ತರವಿಲ್ಲ. ಹೂ ನಿಲ್ಲಿಸುವ ಹೆಸರಿಲ್ಲದ ಟಾನಿಕ್‌ಗಳೂ ಬೇಡ. ಡಬ್ಬಿಯ ಮೇಲೆ ಒಳಗೇನಿದೆ, ಎಷ್ಟಿದೆ ಎಂದು ಬರೆದಿಲ್ಲವೋ, ವಾಪಸು ಕೊಡಿ.

ಇನ್ನು ನೀರು. ಹೂವಿಗೆ ಮುಂಚಿನ ಎರಡು ತಿಂಗಳು ಮರ ಒಣಗಿರಬೇಕು. ಪಾತ್ರೆ ತೊಳೆದ ನೀರು ವರ್ಷವಿಡೀ ಬುಡಕ್ಕೆ ಹರಿಯುವ ಮರ ಹೂವಿನ ಬದಲು ತಾಮ್ರಬಣ್ಣದ ಚಿಗುರು ಬಿಡುತ್ತದೆ. ಹಾಗೆ ಚಿಗುರಿದ ಕೊಂಬೆಯಿಂದ ಈ ಸಲ ಏನೂ ನಿರೀಕ್ಷಿಸಬೇಡಿ. ಮಿಡಿ ಬಟಾಣಿ ಗಾತ್ರಕ್ಕೆ ಬಂದ ಮೇಲೆ ಹತ್ತು ಹದಿನೈದು ದಿನಕ್ಕೊಮ್ಮೆ ನೀರು ಕೊಡಿ. ಕಾಂಡದ ಪಕ್ಕಕ್ಕಲ್ಲ, ಕೊಂಬೆಗಳ ನೆರಳಿನ ಅಂಚಿಗೆ. ನೀರು ಹೀರುವ ಬೇರುಗಳು ಹೆಚ್ಚಾಗಿ ಇರುವುದು ಅಲ್ಲಿ.

ಕಾಂಡಕ್ಕೆ ಮೊಳೆ ಹೊಡೆದು, ಬುಡಕ್ಕೆ ಉಪ್ಪು ಹಾಕಿದರೆ ಕಾಯಿ ನಿಲ್ಲುತ್ತದಂತೆ?

ಮೊಳೆಯ ಗಾಯದಲ್ಲಿ ಅಂಟು ಸೋರಿ ರೋಗ ಹೊಕ್ಕುತ್ತದೆ, ಉಪ್ಪಿಗೆ ಬೇರು ಸುಡುತ್ತದೆ. ಹೇಳಿಕೊಟ್ಟವರ ಹಿತ್ತಲಲ್ಲಿ ಮರ ಇದೆಯೇ ಎಂದು ಒಮ್ಮೆ ನೋಡಿ ಬನ್ನಿ.

ಕೋಗಿಲೆ ಮಾವಿನ ಚಿಗುರು ತಿಂದು ಹಾಳುಮಾಡುತ್ತದೆಯೇ?

ಅದು ಕವಿಗಳ ಮಾತು. ಕೋಗಿಲೆಗೆ ಬೇಕಾದ್ದು ಹಣ್ಣು. ಈಗ ‘ಕುಹೂ’ ಎನ್ನುತ್ತಿರುವುದು ಗಂಡು, ಹೆಣ್ಣನ್ನು ಕರೆಯುತ್ತಿದೆ. ನಿಮ್ಮ ಫಸಲಿಗೂ ಅದಕ್ಕೂ ಸಂಬಂಧವಿಲ್ಲ.

ದುಂಡು ಮಲ್ಲಿಗೆಯನ್ನು ಈಗ ಸವರಬಹುದೇ?

ತಡವಾಯಿತು. ಅದು ನವೆಂಬರ್ ಕೊನೆಯ ಕೆಲಸ. ಈಗ ಒಣಕಡ್ಡಿ ಮಾತ್ರ ತೆಗೆಯಿರಿ. ಹೊಸ ಚಿಗುರಿಗೆ ಕತ್ತರಿ ಹಾಕಿದರೆ ಅದರ ಜೊತೆ ಮೊಗ್ಗೂ ಹೋಗುತ್ತದೆ.

ಗೇಟಿನ ಮುಂದಿನ ಹೊಂಗೆ ಒಂದೇ ವಾರದಲ್ಲಿ ಬೋಳಾಗಿದೆ. ಸತ್ತಿತೇ? ಕಡಿಸಲೇ?

ಉಗುರಿನಿಂದ ಕಡ್ಡಿ ಕೆರೆದು ನೋಡಿ. ಒಳಗೆ ಹಸಿರಿದ್ದರೆ ಕೊಡಲಿಯವನನ್ನು ವಾಪಸು ಕಳಿಸಿ, ಕೆಲವೇ ದಿನಗಳಲ್ಲಿ ಎಳೆ ಚಿಗುರು ಮಿರಮಿರ ಮಿಂಚುತ್ತದೆ. ಉದುರಿದ ಎಲೆಗೆ ಬೆಂಕಿ ಹಾಕಬೇಡಿ. ಮಾವಿನ ಪಾತಿಗೆ ನಾಲ್ಕು ಇಂಚು ದಪ್ಪ ಹರಡಿ, ಕಾಂಡದಿಂದ ಒಂದು ಗೇಣು ಬಿಟ್ಟು.